ಮಲಗೂ ಜಾಗಾ ಮೊದಲ, ಕಾಲೇಜು ಆಮ್ಯಾಲ

ನಮ್ಮ ಕಡಿಯ ಇಬ್ಬರು ಹುಡುಗ್ಯಾರು ಈ ವರ್ಷ ನಾಸಿಕದಾಗ ಕಾಲೇಜು ಅಡ್ಮಿಷನ್ನಿನ ಖಿಡಕಿಗೆ ಕೆಲಸಕ್ಕ ಸೇರ್ಯಾರ. ಅಜ್ಜಿ, ನೀವು ಅಲ್ಲೇ ಕುಂತು ಕೂದಲ ಬೆಳ್ಳಗ ಮಾಡಿಕೊಂಡವರು, ನಮಗೊಂದು ನಾಕು ಮಾತು ಬರದ ಕಳಸ್ರಿ ಅಂದ್ರು. ನಾಕು ಮಾತಿನಾಗ ಮುಗಸೂದು ನನ್ನ ಹಣ್ಯಾಗ ಬರದಿಲ್ಲ. ಫೋನಿನಾಗ ಕನ್ನಡ ಬಡಿಯೂದು ಹೋದ ದೀಪಾವಳಿಗೆ ಕಲತೀನಿ, ಅದೂ ಒಂದ ಬೆರಳಿನಾಗ. ಕೀಬೋರ್ಡು ಹಚ್ಚಿಕೊಟ್ಟಾಕಿ ಮೊಮ್ಮಗಳು ಸಈ. ಆಕಿಗೆ ಕನ್ನಡ ಕೇಳಿದ್ರ ತಿಳೀತದ, ಓದಾಕ ಬರೂದಿಲ್ಲ. ಹಂಗಾಗಿ ಆಕಿ ಮಗ್ಗಲದಾಗ ಕುಂತು ಆಕಿ ಬಗ್ಗೇನ ಏನು ಬರದ್ರೂ ನಡೀತದ. ಇಂಥ ಸುಖ ನೌಕರಿಯೊಳಗ ಎಂದೂ ಸಿಕ್ಕಿದ್ದಿಲ್ಲ.

ನೌಕರಿ ಅಂದ್ರ ನಾಸಿಕ್ ರೋಡಿನ ಕಡಿ ಒಂದು ಜೂನಿಯರ್ ಕಾಲೇಜಿನ ಆಫೀಸಿನಾಗ ಕ್ಲಾರ್ಕು. ನಮ್ಮ ಯಜಮಾನ್ರು ದೇವಳಾಲಿ ಕ್ಯಾಂಪಿನಾಗ ಫೌಜಿಗಳ ಯುನಿಫಾರ್ಮು ಹೊಲೀತಿದ್ರು. ಇಂಡಿ ತಾಲೂಕಿಂದ ನನ್ನ ಮದಿವಿ ಮಾಡಿಕೊಂಡು ಇಲ್ಲಿಗೆ ಕರಕೊಂಡು ಬಂದ್ರು. ಮರಾಠಿ ಬರೂದಿಲ್ಲ ಅಂತ ಮೊದಲಿಗೆ ಒಂದಷ್ಟು ದಿವಸ ಬಾಯಿ ಮುಚ್ಚಿಕೊಂಡಿದ್ದೆ. ಆ ದಿವಸಗಳನ್ನ ನೆನೆಸಿಕೊಂಡು ಅವರು ಈಗೂ ಉಸುರು ಬಿಡತಾರ.

ನಮ್ಮ ಕಾಲೇಜಿನಾಗ ಹನ್ನೆರಡನೇತ್ತಾ, ಅಂದ್ರ ಊರ ಕಡಿ ಪಿಯುಸಿ, ಮುಗಿಸಿದ ಹುಡುಗರು ಮುಂದ ಇಂಜಿನಿಯರಿಂಗು, ಫಾರ್ಮಸಿ ಅಂತ ಹೋಗಬೇಕಂದ್ರ ಕಾಲೇಜುಗಳ ಯಾದಿ ಮಾಡಿ ಆನ್‌ಲೈನಿನಾಗ ತುಂಬಬೇಕು. ಅದಕ್ಕ ಒಂದು ಮದತ್ ಖಿಡಕಿ ಇತ್ತು. ಅದರ ಹಿಂದಿನ ಖುರ್ಚಿ ನಂದು. ಖಿಡಕಿ ಮುಂದ ಬಂದವರೆಲ್ಲ ಕೇಳೂದು ಒಂದ: ಸೀಟು ಸಿಗತದೇನ್ರಿ? ಹೊಸದಾಗಿ ಇದ್ದಾಗ ನನಗೂ ಅದ ಚಿಂತಿ. ವರ್ಷ ಹೋಧಂಗ ನನ್ನ ಚಿಂತಿ ಮಗ್ಗಲ ಬದಲಿಸ್ತು. ಸಿಕ್ಕುಬಿಟ್ರ ಏನು ಮಾಡೂದು ಅಂತ ಅಂಜಾಕ ಹತ್ತಿದೆ. ಜೂನ್ ತಿಂಗಳು ಬಂತಂದ್ರ ನನಗ ಉಂಡದ್ದು ಮೈಗೆ ಹತ್ತತಿದ್ದಿಲ್ಲ. ಯಾರದೋ ಮಗಳ ಯಾದಿ ನನ್ನ ತಲಿಯೊಳಗ ತಿರಗತಿತ್ತು, ಸಾರಿಗೆ ಎರಡು ಸಲ ಉಪ್ಪು ಹಾಕತಿದ್ದೆ.

ಕಾಗದದ ಫಾರ್ಮು ಇದ್ದ ಕಾಲಕ್ಕ ಹಿಂಗ ಇರಲಿಲ್ಲ. ಒಂದೊಂದು ಕಾಲೇಜಿಗೂ ಹೋಗಿ ರೊಕ್ಕಾ ಕೊಟ್ಟು ಫಾರ್ಮು ತರಬೇಕಿತ್ತು. ಬಡವರ ಯಾದಿ ತಾನ ಗಿಡ್ಡ ಆಗತಿತ್ತು, ಬಸ್ಸಿನ ತಿಕೀಟು ಎಲ್ಲೀತನಕ ಮುಟ್ಟತದೋ ಅಲ್ಲೀತನಕ. ಅನ್ಯಾಯ ಖರೆ. ಆದ್ರ ಹೋಗಿ ಬಂದವರು ಕಣ್ಣಿಲೆ ನೋಡಿ ಬಂದಿರತಿದ್ರು: ಗೇಟಿನ ಹತ್ರ ಖಾನಾವಳಿ ಅದನೋ ಇಲ್ಲೋ, ಸಂಜಿ ಕಡೀ ಬಸ್ಸು ಎಷ್ಟಕ್ಕ, ಹೆಣ್ಣಮಕ್ಕಳು ಎಲ್ಲಿ ಇರತಾರ. ಆನ್‌ಲೈನ್ ಬಂದಮ್ಯಾಲ ಎಷ್ಟ ಬೇಕಷ್ಟು ಹೆಸರು ಬರೀರಿ ಅಂದ್ರು. ಬರಿಯೂದಕ್ಕ ಖರ್ಚಿಲ್ಲಲ್ಲ, ಮಂದಿ ಲಗ್ನದ ಪತ್ರಿಕಿ ಹಂಚಿಧಂಗ ಬರದ್ರು. ಚಂದ್ರಪುರ ಯಾವ ದಿಕ್ಕಿಗೆ ಅದ ಅಂತ ಗೊತ್ತಿಲ್ಲದ ಹುಡುಗನೊಬ್ಬ ಚಂದ್ರಪುರದ ಕಾಲೇಜು ಮ್ಯಾಲ ಬರದು, ಸಿಕ್ಕಮ್ಯಾಲ ನನ್ನ ಕೇಳಾಕ ಬಂದ, ಮ್ಯಾಡಮ್, ಅಲ್ಲಿಂದ ಸಂಜಿಕೆ ಮನಿಗೆ ಬರಬಹುದಲ್ಲ ಅಂತ. ರಾಜ್ಯದ ಆ ತುದಿಗೆ ಅದಪ್ಪಾ ಅದು ಅಂದೆ. ಅಲ್ಲೇ ಕುಂತುಬಿಟ್ಟ.

ಯಾದಿಯೊಳಗ ಒಂದು ಮುಳ್ಳು ಇತ್ತು. ಮೊದಲನೇ ನಂಬರಿಗೆ ಬರದ ಕಾಲೇಜು ಸಿಕ್ತಂದ್ರ ಅದನ್ನ ತಗೋಬೇಕು. ಬ್ಯಾಡ, ಮುಂದಿನ ಸುತ್ತಿನಾಗ ಬ್ಯಾರೇದು ನೋಡ್ತೀನಿ ಅಂದ್ರ ಆ ಸರ್ಕಾರಿ ಸುತ್ತಿನಿಂದಾನ ಹೊರಗ. ಹೊರಗ ಬಿದ್ರ ಫೀ ಸವಲತ್ತೂ ಹೋತು. ಹಂಗಾಗಿ ಮೊದಲನೇ ನಂಬರು ಅನ್ನೂದು ಆಶಾ ಅಲ್ಲ ಹುಡುಗ್ಯಾರ, ಅದು ಕೊಟ್ಟ ಮಾತು. ಎಷ್ಟು ಸಲ ಹೇಳಿದ್ರೂ ಅಪ್ಪಂದಿರು, ದೊಡ್ಡ ಹೆಸರು ಮ್ಯಾಲ ಇರಲಿ ಬಿಡ್ರಿ, ಸಿಗೂದಂತೂ ಇಲ್ಲ ಅಂತಿದ್ರು. ಸಿಗತಿತ್ತು. ನಮ್ಮ ಹುಡುಗರು ಅಪ್ಪಂದಿರು ತಿಳಕೊಂಡದ್ದಕ್ಕಿಂತ ಶ್ಯಾಣ್ಯಾ ಇದ್ರು, ತೊಂದರಿ ಆಗೂದ ಅಲ್ಲಿ.

ನಮ್ಮ ಹೆಡ್ ಕ್ಲಾರ್ಕು ಭಾಲೇರಾವ್ ಸಾಹೇಬ್ರು. ಟೇಬಲ್ಲಿನ ಮ್ಯಾಲ ಪೆನ್ಸಿಲು ಸಾಲಾಗಿ ಇಟ್ಟು, ಯಾರಾರ ಒಂದು ಮುಟ್ಟಿದ್ರ ಕಣ್ಣಿಲೇ ಎಣಿಸೂ ಮನಿಷಾ. ಫಾರ್ಮು ಬರೋಬರಿ ತುಂಬ್ಯಾರೋ ಇಲ್ಲೋ ನೋಡ್ರಿ, ಯಾವ ಕಾಲೇಜು ಅಂತ ಬಾಯಿ ಹಾಕಬ್ಯಾಡ್ರಿ ಅನ್ನೂದು ಅವರ ಕಾಯ್ದೆ. ಅದಕ್ಕೊಂದು ಕಾರಣ ಇತ್ತು. ಎಂದೋ ಹಿಂದ ಒಬ್ಬ ಹುಡುಗಗ ಪುಣೆದ್ದು ಛಲೋ ಅದ, ಬರಿ ಅಂದಿದ್ರಂತ. ಸಿಕ್ತು. ಖೋಲಿ ಭಾಡಿಗಿ ಕೊಡಾಕ ಆಗದ ಅಪ್ಪ ಮಗನ್ನ ನಡು ವರ್ಷಕ್ಕ ವಾಪಸ್ ಕರಕೊಂಡು ಬಂದು, ಆಫೀಸಿನಾಗ ಎಲ್ಲಾರ ಮುಂದ ಸಾಹೇಬ್ರ ಕಾಲರ್ ಹಿಡದಿದ್ದ. ಅವತ್ತಿಂದ ಸಾಹೇಬ್ರು ಚಹಾಕ್ಕ ಸಕ್ರಿ ಕಡಿಮಿ ಅದ ಅಂತ ಹೇಳಾಕೂ ವಿಚಾರ ಮಾಡತಿದ್ರು.

ನನಗ ಬುದ್ಧಿ ಕಲಿಸಿದವರು ಒಬ್ಬ ಶೆಟ್ರು. ಉಡುಪಿ ಕಡಿಯವರು, ನಾಸಿಕದಾಗ ಅವರದು ಶಾಕಾಹಾರಿ ಹೋಟೆಲು. ಹೋಟೆಲ್ ಮಂದಿ ಕಾಲೇಜು ಆರಿಸೂ ರೀತಿನ ಬ್ಯಾರೆ. ಅವರು ನಕಾಶಾ ನೋಡೂದಿಲ್ಲ, ಯಾವ ಊರಾಗ ನಮ್ಮವರ ಹೋಟೆಲು ಅದ ಅಂತ ನೋಡತಾರ. ಅಲ್ಲಿ ಊಟಾನೂ ಪುಕ್ಕಟ, ಮ್ಯಾಲಿನ ಖೋಲಿಯೊಳಗ ಮಲಗೂದೂ ಪುಕ್ಕಟ. ಶೆಟ್ರ ಭಾವಂದು ಸಂಭಾಜಿನಗರದಾಗ ಹೋಟೆಲು ಇತ್ತು, ಹಂಗಾಗಿ ಮಗನ ಯಾದಿಯೊಳಗ ಮ್ಯಾಲಿಂದ ಕೆಳಗ ಅದ ಊರಿನ ಕಾಲೇಜುಗಳು. ನಾನೂ ಖುಷಿಲೇ ಗೋಣು ಹಾಕಿದೆ. ವರ್ಷ ಬಿಟ್ಟು ಶೆಟ್ರು ಖಿಡಕಿಗೆ ಬಂದ್ರು, ಮಾರಿ ಸಣ್ಣದಾಗಿತ್ತು.

"ಊಟಕ್ಕೆ ಖರ್ಚಿಲ್ಲ ಅಂತ ಹಾಕಿದ್ದು ಮಾರಾಯ್ರೆ," ಅಂದ್ರು. "ಸಂಜೆ ಸ್ವಲ್ಪ ಕ್ಯಾಶಿನ ಗಲ್ಲೆಯಲ್ಲಿ ಕೂತ್ಕೊ ಅಂದ್ರಂತೆ ಭಾವ. ಇವ ಬೆಳಿಗ್ಗೆಯೂ ಕೂತ. ಈಗ ಕಾಲೇಜಲ್ಲಿ ಎಲ್ಲಾ ಸಬ್ಜೆಕ್ಟು ಹೋಗಿದೆ. ದೋಸೆ ಬಿಲ್ಲು ಮಾತ್ರ ಬಾಯಿಲೆಕ್ಕದಲ್ಲೇ ಮಾಡ್ತಾನೆ."

ನಗಬಾರದಿತ್ತು, ನಕ್ಕೆ. ಶೆಟ್ರೂ ನಕ್ರು, ಆದ್ರ ಕಣ್ಣು ಒರಸಿಕೊಂಡ್ರು. ಅವತ್ತಿಂದ ನನ್ನ ಪ್ರಶ್ನಿ ಬದಲಾದ್ವು. ಮಾರ್ಕು ಎಷ್ಟು ಅನ್ನೂ ಮುಂಚೆ ಎಲ್ಲಿ ಮಲಗತಿ ಅಂತ ಕೇಳಾಕ ಹತ್ತಿದೆ. ಯಾರ ಕೈಯಾಗಿನ ಊಟ? ಆ ಊಟದ ಬದಲಿಗೆ ಅವರು ಏನು ಕೆಲಸ ಹೇಳತಾರ? ನೀವೂ ಇವನ್ನ ಕೇಳ್ರಿ. ಹುಡುಗ್ಯಾರಿಗೆ ಈಗ ಫೀ ಮಾಫಿ ಬಂದದ, ಕಾಗದ ಇದ್ದವರಿಗೆ. ಫೀ ಮಾಫಿ ಆದ್ರ ಹಸಿವಿ ಮಾಫಿ ಆಗೂದಿಲ್ಲ. ಸರ್ಕಾರಿ ಹಾಸ್ಟೆಲ್ಲಿನ ಹಾಸಿಗಿ ಅಡ್ಮಿಷನ್ ಆದಮ್ಯಾಲ ಕೊಡತಾರ, ಅದೂ ಎಲ್ಲಾರಿಗೂ ಬರೂದಿಲ್ಲ. ಅದನ್ನ ನಂಬಿ ಮೊದಲನೇ ನಂಬರು ಬರೀಬ್ಯಾಡ್ರಿ.

ಕಾಗದ ಅಂದೆನಲ್ಲ. ನಮ್ಮ ಮಂದಿ ಊರಿಗೆ ಹೋಗಿ ಕರ್ನಾಟಕದ ಜಾತಿ ಸರ್ಟಿಫಿಕೇಟು ತಂದು, ಗೆದ್ದವರಂಗ ಖಿಡಕಿಯೊಳಗ ಚಾಚತಾರ. ಅದರ ಮ್ಯಾಲ ಇಲ್ಲಿ ಮೀಸಲಾತಿ ನಡಿಯೂದಿಲ್ಲ ಅಂತ ಹೇಳೂ ಹೊತ್ತಿಗೆ ಅವರ ಮಾರಿ ನೋಡೂದು ಆಗೂದಿಲ್ಲ. ಅದನ್ನ ಜೂನಿನಾಗ ಹೇಳಬ್ಯಾಡ್ರಿ. ಹುಡುಗರು ಹನ್ನೊಂದನೇತ್ತಾಕ್ಕ ಬಂದ ದಿವಸಾನ ಹೇಳ್ರಿ, ಇಲ್ಲಿಯ ಕಾಗದ ಮಾಡಸಾಕ ಓಡಾಡಲಿ.

ಇಷ್ಟೆಲ್ಲ ಶ್ಯಾಣ್ಯಾತನ ಬಂದಮ್ಯಾಲೂ ನನ್ನ ಎದಿ ಹಾರಿಸಿದ್ದು ಭಾಗ್ಯಶ್ರೀ ಯಾದಿ. ಅದು ನನ್ನ ನೌಕರಿಯ ಕಡೀ ವರ್ಷ.

ಭಾಗ್ಯಾನ ಅಪ್ಪ ಅವ್ವ ಹುನಗುಂದ ಕಡಿಯವರು. ಅಪ್ಪ ಹಣಮಂತ ಸೆಂಟ್ರಿಂಗ್ ಮಿಸ್ತ್ರಿ. ಸ್ಲ್ಯಾಬು ಸುರಿಯೂ ಮುಂಚೆ ಕೆಳಗ ಬಂಬು ಹಲಗಿ ನಿಲ್ಲಿಸಿ ಕಬ್ಬಿಣದ ಪ್ಲೇಟು ಹಾಸತಾರಲ್ಲ, ಆ ಕೆಲಸ. ಅವ್ವ ಲಕ್ಷ್ಮವ್ವ ಅದ ಗ್ಯಾಂಗಿನಾಗ ಪ್ಲೇಟಿಗೆ ಎಣ್ಣಿ ಹಚ್ಚೂದು, ಹಲಗಿ ಮೊಳಿ ಕೀಳೂದು ಮಾಡತಿದ್ಲು. ಹುಡುಗಿ ಹುಟ್ಟಿ ಬೆಳದದ್ದು ನಾಸಿಕದ ಸೈಟುಗಳ ತಗಡಿನ ಶೆಡ್ಡಿನಾಗ. ಹನ್ನೆರಡನೇತ್ತಾದ ನಡುವ ಗ್ಯಾಂಗು ಸಂಭಾಜಿನಗರಕ್ಕ ಹೋತು. ಪರೀಕ್ಷಾ ಮುಗಿಯೂತನಕ ಇರಲಿ ಅಂತ ಮಗಳನ್ನ ದೇವಳಾಲಿ ಕ್ಯಾಂಪಿನಾಗ ಅವರೂರಿನ ಒಬ್ಬ ಮುದುಕಿ ಹತ್ರ ಬಿಟ್ಟುಹೋಗಿದ್ರು.

ಮಾರ್ಕು ಛಲೋ ಬಿದ್ದಿದ್ವು. ಅಪ್ಪನ ಕೆಲಸ ನೋಡಿ ಸಿವಿಲ್ ಬರೀತಿ ಏನವಾ ಅಂತ ಕೇಳಿದೆ. "ನಕೋ ಮ್ಯಾಡಮ್," ಅಂದ್ಳು. "ಸಿಮೆಂಟ್ ಉಂಡು ಬೆಳದೀನಿ, ಸಾಕು. ಇಲೆಕ್ಟ್ರಿಕಲ್ ಬರೀರಿ." ಇಂಥ ಬಾಯಿ ಇದ್ದ ಹುಡುಗ್ಯಾರು ನನಗ ಲಗೂನ ಸೇರತಾರ.

ಯಾದಿ ತಾನ ಮಾಡಿಕೊಂಡು ಬಂದಿದ್ಲು. ಮೊದಲನೇ ನಂಬರಿಗೆ ಸಂಭಾಜಿನಗರದ ಒಂದು ಕಾಲೇಜು, ಎರಡನೇದು ನಾಸಿಕದ್ದು. ಆ ಮಾರ್ಕಿಗೆ ಮೊದಲನೇದು ಸಿಗೂದು ಖಾತ್ರಿ ಇತ್ತು. ಅಪ್ಪ ಮಾತು ಹೇಳಿದ್ದ: ನಮ್ಮ ಕಣ್ಣ ಮುಂದ ಇದ್ದು ಓದೂದಾದ್ರ ಓದು, ಇಲ್ಲಂದ್ರ ನಮ್ಮ ಅಕ್ಕನ ಮಗಗ ಕೊಟ್ಟು ಲಗ್ನ ಮಾಡ್ತೀನಿ. ಅಕ್ಕ ಎರಡು ವರ್ಷದಿಂದ ಕೇಳಾಕ ಹತ್ತಿದ್ಲು. ನನ್ನ ಪ್ರಶ್ನಿ ಕೇಳಿದೆ. ಮಲಗೂದು ಅವ್ವ ಅಪ್ಪನ ಶೆಡ್ಡಿನಾಗ. ಊಟ ಅವ್ವನ ಕೈಯಾಗಿಂದು. ಬಿಟ್ಟಿ ಊಟದ ಹಿಂದ ಗಲ್ಲೇನೂ ಇಲ್ಲ, ದೋಸೇನೂ ಇಲ್ಲ. ಎಲ್ಲಾ ಬರೋಬರಿ ಅದ ಅಂದೆ. ಇನ್ನ ಕನ್ಫರ್ಮ್ ಒತ್ತೂದಷ್ಟ ಬಾಕಿ.

ಹಂಗ ಮಾತಿಗೆ ಮಾತು ಅಂತ, ನಿಮ್ಮಪ್ಪ ಈಗ ಎಷ್ಟನೇ ಮಾಳಿಗಿ ಮ್ಯಾಲ ಅದಾನ ಅಂತ ಕೇಳಿದೆ. "ಶೇವಟಚಾ ಸ್ಲ್ಯಾಬ್ ಮ್ಯಾಡಮ್, ಕಡೀದು," ಅಂದ್ಳು ಖುಷಿಲೇ. "ಗಣಪತಿ ಹಬ್ಬದ ಒಳಗ ಮುಗೀತದಂತ."

ನನ್ನ ಕೈ ಮೌಸಿನ ಮ್ಯಾಲ ಹಂಗ ನಿಂತ್ತು. ಕಡೀ ಸ್ಲ್ಯಾಬು ಬಿತ್ತಂದ್ರ ಸೆಂಟ್ರಿಂಗಿನವರ ಕೆಲಸ ಅಲ್ಲಿಗೆ ತೀರಿತು. ಪ್ಲಾಸ್ಟರಿಗೆ ಬ್ಯಾರೆ ಮಂದಿ, ಟೈಲ್ಸಿಗೆ ಬ್ಯಾರೆ ಮಂದಿ ಬರತಾರ. ಇವರು ಶೆಡ್ಡು ಬಿಚ್ಚಿಕೊಂಡು ಮುಂದಿನ ಊರಿಗೆ. ನಾಕು ವರ್ಷದ ಕಾಲೇಜು, ಎರಡು ತಿಂಗಳ ಮನಿ. ಗಣಪತಿ ಹಬ್ಬಕ್ಕ ಕಾಲೇಜು ಸುರುವಾಗಿ ಸರಿಯಾಗಿ ಪುಸ್ತಕಾನೂ ಬಂದಿರೂದಿಲ್ಲ, ಅಷ್ಟರಾಗ ಅಪ್ಪನ ಕಣ್ಣು ಬ್ಯಾರೆ ಊರಿಗೆ ಹೋಗಿರತದ. ಹಾಸ್ಟೆಲ್ಲಿಗೆ ಬಿಡೂದಿಲ್ಲ. ಸೀಟು ಬಿಟ್ಟು ಲಗ್ನ.

ಇದು ಈ ಮಂದಿ ಅಷ್ಟ ಮಾಡೂ ತಪ್ಪು, ದಡ್ಡತನದಿಂದ ಮಾಡೂದೂ ಅಲ್ಲ. ಹುಟ್ಟಿದಾಗಿಂದ ಒಂದು ಸೈಟು ಮುಗದ್ರ ಇನ್ನೊಂದು ಇದ್ದ ಇರತದ. ಶೆಡ್ಡು ಬದಲಾದ್ರೂ ಅವ್ವನ ಒಲಿ ಅದ ಇರತದ. ಹಂಗಾಗಿ ಅವರಿಗೆ ಮನಿ ತಿರಗತದ ಅಂತ ಅನಸೂದ ಇಲ್ಲ. ಮುಂದಿನ ಸೈಟೂ ಅಲ್ಲೇ ಸಿಗತದ ಅಂತ ಪಪ್ಪಾ ಹೇಳ್ಯಾನ ಅಂದ್ಳು ಹುಡುಗಿ. ಯಾರು ಹೇಳ್ಯಾರ ನಿಮ್ಮ ಪಪ್ಪಾಗ ಅಂದೆ. ಆಕಿ ಸಣ್ಣ ದನಿಲೇ, "ಮ್ಯಾಡಮ್, ನಾಸಿಕ್‌ದ್ದ ಮ್ಯಾಲ ಹಾಕಿಬಿಡೂನು? ಪಪ್ಪಾಗ ನಂತರ ಹೇಳೂನು," ಅಂದ್ಳು.

ಕೈ ಕಡೀತು ನನಗ. ಆದ್ರ ಅಪ್ಪಗ ಹೇಳದ ಬರದ್ರ ಸೀಟು ಸಿಕ್ಕೂ ಕಳಸೂದಿಲ್ಲ, ನಂಬಿಗೀನೂ ಹೋಗತದ. ಮ್ಯಾಲ ಇನ್ನೊಂದು ತೊಡಕು. ಅಪ್ಪನ ಫೋನಿಗೆ ರಿಚಾರ್ಜು ಇರೂದಿಲ್ಲ ಅಂತ ಫಾರ್ಮಿನಾಗ ಮುಕಾದಮನ ನಂಬರು ಕೊಟ್ಟಿದ್ರು. ಮುಕಾದಮ ಅಂದ್ರ ಗ್ಯಾಂಗಿನ ಮುಂದಾಳು ಯಲ್ಲಪ್ಪ. ಯಾದಿ ಬದಲಿಸಾಕ, ಕನ್ಫರ್ಮ್ ಒತ್ತಾಕ ಓಟಿಪಿ ಬರೂದು ಅವನ ಫೋನಿಗೆ. ಫಾರ್ಮು ತುಂಬೂ ಮುದ್ದತು ಮರುದಿವಸ ಸಂಜಿಗೆ ಮುಗೀತಿತ್ತು. ಯಲ್ಲಪ್ಪನ ಫೋನು ಹಚ್ಚಿದ್ರ ಬಂದ್ ಇತ್ತು. ಸಂಜಿತನಕ ಹಚ್ಚಿದೆವು. ಬಂದ್.

ಭಾಲೇರಾವ್ ಸಾಹೇಬ್ರ ಹತ್ರ ಒಂದು ದಿವಸ ರಜಾ ಕೇಳಿದೆ. ಜೂನಿನಾಗ ರಜಾ ಅಂದ್ರ ಅವರಿಗೆ ಪೆನ್ಸಿಲು ಮುಟ್ಟಿಧಂಗ. ಫಾರ್ಮು ಅವರದು ಮ್ಯಾಡಮ್, ಅಂಜಿಕಿ ನಿಮ್ಮದು ಯಾಕ ಅಂತ ಮರಾಠಿಯೊಳಗ ಕೇಳಿದ್ರು. ರಿಟೈರ್ ಆಗೂದರೊಳಗ ಇದ್ದಷ್ಟು ಅಂಜಿ ಮುಗಸ್ತೀನ್ರಿ ಅಂದೆ. ಅರ್ಜಿ ಮ್ಯಾಲ ಸಹಿ ಹಾಕಿದ್ರು. ಹಾಕಿ, ಹೋಗ್ರಿ ಹೋಗ್ರಿ, ನೀವು ಸೀರಿ ಉಡ್ತೀರಿ, ಹಿಡಿಯಾಕ ಕಾಲರ್ ಇಲ್ಲ ಅಂದ್ರು. ಅಷ್ಟು ವರ್ಷದಾಗ ಅವರು ಮಾಡಿದ ಒಂದ ಚ್ಯಾಷ್ಟಿ ಅದು. ಮನಿಯಾಗ ಯಜಮಾನ್ರು, ನೀ ಕ್ಲಾರ್ಕ್ ಇದ್ದೀಯೋ ಮುಕಾದಮ ಇದ್ದೀಯೋ ಅಂತ ಕೇಳಿದವರು ಮುಂಜಾನೆ ತಾವ ಎದ್ದು ಚಪಾತಿ ಕಟ್ಟಿಕೊಟ್ರು.

ಬಸ್ಸಿನಾಗ ಹುಡುಗಿ ಉಗುರು ಕಡಕೋತ ಕುಂತ್ಲು. ಲಾಸಲಗಾಂವ್ ಮಾರ್ಕೆಟ್ಟಿಗೆ ಹೊಂಟ ಉಳ್ಳಾಗಡ್ಡಿ ಟ್ರ್ಯಾಕ್ಟರು ರಸ್ತಾ ತುಂಬ ನಿಂತಿದ್ವು, ಬಸ್ಸು ಹೆಜ್ಜಿ ಹೆಜ್ಜಿಗೆ ನಿಂತ್ತು. ನಾನು ಗಡಿಯಾರ ನೋಡೂದು, ಆಕಿ ನನ್ನ ನೋಡೂದು. ಚಪಾತಿ ಬಿಚ್ಚಿ ಮತ್ತ ಕಟ್ಟಿಟ್ಟೆವು. ಏನಾರ ಮಾತಾಡಸಬೇಕಂತ, ಆ ಅತ್ತಿ ಮಗ ಹೆಂಗ ಅದಾನ ಅಂತ ಕೇಳಿದೆ. ಛಲೋ ಅದಾನ, ಅದ ತ್ರಾಸು, ಕೆಟ್ಟವ ಇದ್ರ ಒಲ್ಲೆ ಅನ್ನಾಕ ಸರಳ ಆಗತಿತ್ತು ಅಂದ್ಳು.

ಸೈಟಿಗೆ ಮುಟ್ಟಿದಾಗ ಮಧ್ಯಾಹ್ನ ಇಳದಿತ್ತು. ಕಟ್ಟಡದ ನೆತ್ತಿ ಮ್ಯಾಲ ಬಂಬು ಕಾಣತಿದ್ವು, ಕೆಳಗಿನ ಮಾಳಿಗಿಗೆ ಆಗಲೇ ಇಟ್ಟಂಗಿ ಗ್ವಾಡಿ ಎದ್ದಿದ್ವು. ಯಲ್ಲಪ್ಪನ ಫೋನು ಕೆಟ್ಟಿರಲಿಲ್ಲ, ಸೈಟಿನಾಗ ಎರಡು ದಿವಸದಿಂದ ಕರೆಂಟಿಲ್ಲ ಅಂತ ಸತ್ತಿತ್ತಷ್ಟ. ಅದನ್ನ ವಾಚಮನ್ನನ ಬ್ಯಾಟರಿಗೆ ಹಚ್ಚಿಸಿ, ಹಣಮಂತನ್ನ ಮ್ಯಾಲಿಂದ ಕರಿಸಿದೆ. ಮಗಳನ್ನ ನೋಡಿ ಅವಗ ಮೊದಲ ಗಾಬರಿ ಆತು, ಏನಾತು ಅಕ್ಕಾರ ಅಂತ ಓಡಿ ಬಂದ.

ಇದ್ದದ್ದು ಇದ್ಧಂಗ ಹೇಳಿದೆ. ಮುಂದಿನ ಸೈಟೂ ಇಲ್ಲೇ ಆಕ್ಕೈತ್ರಿ ಅಂದ. ಯಲ್ಲಪ್ಪನ ಕಡಿ ನೋಡಿದೆ. ಯಲ್ಲಪ್ಪ ಆಕಾಶ ನೋಡಿದ. ಹೌದಿಲ್ಲೋ ಯಲ್ಲಪ್ಪ, ಹೇಳೋ ಅಂತ ಹಣಮಂತ ಕೇಳಿದ. ಮಾತು ನಡದೈತಿ, ಸೋಲಾಪುರ ಕಡಿ ಅಂತಾರ ಅಂದ ಯಲ್ಲಪ್ಪ, ತುಟಿಯೊಳಗ.

ಹಣಮಂತ ತಲಿ ಕೆರಕೊಂಡು, ಹಂಗಾರ ಸೋಲಾಪುರದಾಗಿನ ಕಾಲೇಜು ಬರೀರಿ ಅಕ್ಕಾರ ಅಂದ. ನಗು ಬಂತು, ಅದರ ಹಿಂದ ಅಳು ಬಂತು ನನಗ. ಸೋಲಾಪುರದ ಸ್ಲ್ಯಾಬು ಮುಗದಮ್ಯಾಲ ಎಲ್ಲಿಗೆ ಅಂದೆ. ಅವ ಕೈಯಾಗಿನ ಸುತ್ತಿಗಿ ಕೆಳಗಿಟ್ಟ. ಅಷ್ಟೂರು ತಿರಗಿದ ಮನಿಷಾಗ ಮನಿ ತಿರಗತದ ಅನ್ನೂದು ಅವತ್ತ ಮೊದಲ ಸಲ ಕಂಡಿರಬೇಕು. ಹಂಗಾರ ಬಿಡ್ರಿ, ನಮ್ಮ ಹಣ್ಯಾಗ ಇದ್ದಿದ್ದಿಲ್ಲ, ನಮ್ಮ ಅಕ್ಕಗ ಲಗ್ನಕ್ಕ ಹೂಂ ಅಂತೀನಿ ಅಂದ. ಭಾಗ್ಯಾ ನೀರಿನ ಡ್ರಮ್ಮಿನ ಹಿಂದ ಹೋಗಿ ನಿಂತಳು.

ಲಕ್ಷ್ಮವ್ವ ಅಲ್ಲೇ ಮಗ್ಗಲದಾಗ ಹಲಗಿ ಮ್ಯಾಲ ಕುಂತು ಮೊಳಿ ಕಿತ್ತು, ಸೊಟ್ಟ ಆದದ್ದನ್ನ ಕಲ್ಲಿನ ಮ್ಯಾಲ ಬಡದು ನೆಟ್ಟಗ ಮಾಡಿ ಡಬ್ಬಿಗೆ ಹಾಕತಿದ್ಲು. ಕೈ ನಿಲ್ಲಿಸದ ಹೇಳಿದ್ಲು: "ನಾ ನಾಸಿಕಕ್ಕ ಹೋಕ್ಕೀನಿ. ಮುದುಕಿ ಮಗ್ಗಲಿನ ಖೋಲಿ ಖಾಲಿ ಐತಿ. ದಿಂಡೋರಿ ದ್ರಾಕ್ಷಿ ತ್ವಾಟಕ್ಕ ಟೆಂಪೋ ಬರ್ತಾವು, ಕ್ಯಾಂಪಿನಾಗ ಭಾಂಡಿ ಕೆಲಸ ಸಿಗ್ತಾವು. ಆಕಿ ನನ್ನ ಕಣ್ಣ ಮುಂದ ಇರ್ತಾಳ."

ಇದು ಎಷ್ಟು ದೊಡ್ಡ ಮಾತು ಅಂತ ನಿಮಗ ತಿಳೀಬೇಕಂದ್ರ ಗ್ಯಾಂಗಿನ ರೀತಿ ಹೇಳಬೇಕು. ಅಲ್ಲಿ ಗಂಡ ಹೆಂಡತಿ ಇಬ್ಬರನ್ನ ಒಂದು ಜೋಡಿ ಅಂತ ಹಿಡೀತಾರ. ಪಗಾರ ಜೋಡಿಗೆ, ಶೆಡ್ಡು ಜೋಡಿಗೆ. ಒಂಟಿ ಗಂಡಸಿಗೆ ಶೆಡ್ಡು ಇಲ್ಲ, ಅವ ಬ್ರಹ್ಮಚಾರಿ ಹುಡುಗರ ಸಾಲಿನಾಗ ಮಲಗಬೇಕು, ಕೆಲಸಾನೂ ಅವಗ ಕಡೀಕ. ಹೆಂಡತಿ ಗ್ಯಾಂಗು ಬಿಟ್ಟು ಹೋದಳಂದ್ರ ಜಗಳಾಡಿ ಹೋದಳು ಅಂತಾನ ತಿಳಕೋತಾರ. ನಾನು ಇಷ್ಟು ವರ್ಷ ಖರ್ಚು ಅಂದ್ರ ಖೋಲಿ ಭಾಡಿಗಿ, ಖಾನಾವಳಿ, ಬಸ್ ಪಾಸು ಅಂತ ತಿಳದಿದ್ದೆ. ಜೋಡಿ ಬಿಡಸೂದು ಯಾವ ಯಾದಿಯೊಳಗೂ ನನಗ ಕಂಡಿದ್ದಿಲ್ಲ.

ಯಲ್ಲಪ್ಪ ಮೊದಲ ಬಾಯಿ ಬಿಟ್ಟ. ತಂಗೆವ್ವಾ, ಜೋಡಿ ಮುರದ್ರ ಇವನ ಗತಿ ನೋಡು, ನನ್ನ ಗ್ಯಾಂಗಿನ ಗತೀನೂ ನೋಡು, ನಿನ್ನಂಗ ಪ್ಲೇಟು ನೋಡಿಕೊಳ್ಳಾವರು ಯಾರದಾರ ಅಂದ. ಅವನ ಮಾತೂ ಸುಳ್ಳಲ್ಲ. ಹಣಮಂತ ಹೆಂಡತಿ ಮಾರಿ ನೋಡದ, ಮಂದಿ ಏನಂತಾರ ಅಂದ. ಹೆಂಡತಿ ಬಿಟ್ಟು ಹ್ವಾದಳು ಅಂತಾರ ಅಂದ.

"ಅನ್ಲಿ," ಅಂದ್ಳು ಲಕ್ಷ್ಮವ್ವ. "ಬಿಟ್ಟು ಹ್ವಾದಾಕಿ ಹಬ್ಬಕ್ಕ ಹೋಳಿಗಿ ಮಾಡಾಕ ಬರ್ತಾಳ ಅಂತ ನೀವ ಹೇಳ್ರಿ."

ಯಲ್ಲಪ್ಪನ ಫೋನು ಅಷ್ಟರಾಗ ಜೀವ ಹಿಡದಿತ್ತು. ನನ್ನ ಫೋನಿನಾಗ ಭಾಗ್ಯಾ ಫಾರ್ಮು ತೆಗದಳು, ಓಟಿಪಿ ಅವನ ಕೈಯಾಗ ಬಂತು. ಅವ ಅದನ್ನ ನೋಡಿದ, ಹೇಳಲಿಲ್ಲ. ಹಣಮಂತನ ಕಡಿ ತಿರಗಿ, ಹೇಳಲೇನೋ ಅಂತ ಕೇಳಿದ. ಹಣಮಂತ ಹೆಗಲ ಮ್ಯಾಲಿನ ಟವೆಲ್ ತಗೊಂಡು ಒಂದೊಂದ ಬೆರಳು ಒರಸಿಕೊಂಡ. ಮಗಳನ್ನ ನೋಡಿದ. ಹೆಂಡತಿನ್ನ ನೋಡಿದ. ನನಗ ಫೋನಿನ ಪರದಿ ಮ್ಯಾಲ ಓಟಿಪಿ ವೇಳ್ಯಾ ಕಡಿಮಿ ಆಗೂದು ಕಾಣತಿತ್ತು, ಆದ್ರ ಬಾಯಿ ಬರಲಿಲ್ಲ. ಬಾಯಿ ಬರದ ಕುಂತದ್ದು ನಾಸಿಕಕ್ಕ ಬಂದ ಹೊಸತಿನಾಗ ಬಿಟ್ರ ಅವತ್ತ.

"ಹೇಳ," ಅಂದ ಹಣಮಂತ.

ಹೇಳೂದರಾಗ ಅದರ ಮುದ್ದತು ಹೋತು. ಇನ್ನೊಂದು ತರಿಸಿದೆವು. ಈ ಸಲ ಯಲ್ಲಪ್ಪ ನಿಂದರಲಿಲ್ಲ, ಹರಾಜು ಕೂಗಿಧಂಗ ಒಂದ ದಮ್ಮಿನಾಗ ಹೇಳಿದ. ತನ್ನ ಗ್ಯಾಂಗಿನ ಜೋಡಿ ತಾನ ಮುರದು ಕೊಟ್ಟು, ಬರೋಬರಿ ಬಿತ್ತೇನು ಅಂತ ಮ್ಯಾಲ ಕೇಳಿದ. ನಾಸಿಕ ಮೊದಲನೇ ನಂಬರಿಗೆ ಹೋತು. ಭಾಗ್ಯಾ ಕನ್ಫರ್ಮ್ ಒತ್ತಿದ್ಲು. ಒತ್ತಿ, ಅವ್ವನ ಮಗ್ಗಲದಾಗ ಕುಂತು ತಾನೂ ಒಂದು ಮೊಳಿ ತಗೊಂಡು ಬಡಿಯಾಕ ಹತ್ತಿದ್ಲು.

ಸೀಟು ಸಿಕ್ಕಿತು. ಖುಷಿ ಪಡೂದು ನಿಮಗ ಬಿಟ್ಟೀನಿ, ನನಗ ಅವತ್ತಿಂದ ಮತ್ತ ಚಿಂತಿ. ಹಣಮಂತ ಸೋಲಾಪುರ ಕಡಿ ಹೋಗಿ ಹುಡುಗರ ಸಾಲಿನಾಗ ಮಲಗಿದ. ಲಕ್ಷ್ಮವ್ವ ದ್ರಾಕ್ಷಿ ಸುಗ್ಗಿಯೊಳಗ ದಿಂಡೋರಿಗೆ, ಸುಗ್ಗಿ ಇಲ್ಲದಾಗ ಕ್ಯಾಂಪಿನ ಮನಿಗಳಿಗೆ. ಮೊದಲನೇ ಸೆಮಿಸ್ಟರಿನಾಗ ಹುಡುಗಿಗೆ ಗಣಿತ ಹೋತು, ಅವ್ವನ ಜೋಡಿ ಮುರದು ಗಣಿತಾನೂ ಕಳಕೊಂಡೆ ಅಂತ ನಮ್ಮ ಮನಿಗೆ ಬಂದು ಅತ್ತಳು. ಯಜಮಾನ್ರು ಚಹಾ ಮಾಡಿಕೊಟ್ಟು, ನಾನು ಮೊದಲನೇ ಪ್ಯಾಂಟಿಗೆ ಎರಡೂ ಕಾಲು ಒಂದ ಕಡಿ ಹೊಲದಿದ್ದೆ, ಫೌಜಿ ಗುಂಡು ಹಾರಸಲಿಲ್ಲ, ಬಿಚ್ಚಿ ಹೊಲಿ ಅಂದ ಅಂತ ಹೇಳಿದ್ರು. ಮುಂದಿನ ಸಲ ಗಣಿತ ಬಂತು. ಈಗ ಮೂರನೇ ವರ್ಷ. ಇನ್ನೂ ಒಂದು ಉಳದದ. ಆ ಒಂದರಾಗ ಏನೇನು ಆಗಬಹುದು ಅಂತ ನಾ ಎಣಿಸಾಕ ಹೋಗೂದಿಲ್ಲ, ತಾವ ಎಣಿಸಿಕೋತಾವ.

ಹೋದ ಐತವಾರ ಅವರ ಖೋಲಿಗೆ ಹೋಗಿದ್ದೆ. ಭಾಗ್ಯಾ ಮೂಲಿಯೊಳಗ ಪುಸ್ತಕ ಹರವಿಕೊಂಡು ಕುಂತಿದ್ಲು, ಪರೀಕ್ಷಾ ಹತ್ರ ಬಂದಾವ. ಲಕ್ಷ್ಮವ್ವ ನನಗ ಭಕ್ರಿ ಬಡೀತಿದ್ಲು. ಅಷ್ಟರಾಗ ಹಣಮಂತನ ಫೋನು ಬಂತು. ಕೈಗೆ ಹಿಟ್ಟು ಹತ್ತಿತ್ತಲ್ಲ, ಸ್ಪೀಕರ್ ಹಚ್ಚಿ ಡಬ್ಬಿ ಮ್ಯಾಲ ಇಟ್ಳು.

ನನ್ನ ಭಕ್ರಿ ಇವತ್ತೂ ಹರದಾವು ಅಂದ ಹಣಮಂತ.

"ಎಸರು ಕುದ್ದಿತ್ತೇನು?"

"ಕುದ್ಧಂಗ ಕಾಣತಿತ್ತು."

"ಕಾಣೂದಲ್ಲರಿ. ಗುಳುಗುಳು ಅನಬೇಕು. ಆಮ್ಯಾಲ ಹಿಟ್ಟು ಹಾಕಿ, ಬಿಸಿ ಇದ್ದಾಗಾನ ನಾದಬೇಕು. ಕೈ ಸುಟ್ರ ಸುಡ್ಲಿ."

ಆ ಕಡಿ ಹುಡುಗರು ನಗೂದು ಕೇಳಿತು, ಯಾರೋ ಕಾಕಾ ಕಲಿರಿ ಕಲಿರಿ ಅಂದ್ರು. ಹಣಮಂತ ಅವರಿಗೆ ಬೈದು ಹೊರಗ ಬಂದ ಅಂತ ಕಾಣತದ, ದನಿ ಸಣ್ಣದಾತು. ಒಂದು ಮಾತ್ರ ದುಂಡಗ ಬಂದೈತಿ ನೋಡು ಅಂದ. ನೀ ಮಾಡಿಧಂಗ ಐತಿ.

"ಹಂಗಾರ ಅದನ್ನ ಉಣಬ್ಯಾಡ್ರಿ," ಅಂದ್ಳು ಲಕ್ಷ್ಮವ್ವ. "ಇಡ್ರಿ. ನಾ ಬಂದು ನೋಡ್ತೀನಿ."

ಹಂಚಿನ ಮ್ಯಾಲಿನ ಭಕ್ರಿ ಉಬ್ಬಿ ನಿಂತ್ತು, ಆಕಿ ತಿರಿವಿ ಹಾಕಲಿಲ್ಲ. ಆಮ್ಯಾಲ ಫೋನಿನಾಗ ಅವನ ದನಿ ಬಂತು, ಯಾವಾಗ ಬರ್ತಿ ಅಂತ.

ಲಕ್ಷ್ಮವ್ವ ಮೂಲಿಯೊಳಗಿನ ಮಗಳ ಕಡಿ ನೋಡಿದ್ಲು. ಮಗಳು ತಲಿ ಎತ್ತಲಿಲ್ಲ, ಬರಿಯೂ ಕೈ ಮಾತ್ರ ನಿಂತಿತ್ತು.

"ಪರೀಕ್ಷಾ ಮುಗೀಲ್ರಿ," ಅಂದ್ಳು.